ಅರವತ್ತು ಡಿಗ್ರಿಯ ಕೈ

ಬಿನ್ನಿಪೇಟೆಯ ಒಂದು ಸಣ್ಣ ಶೆಡ್ಡಿನಲ್ಲಿ ಹಬೆಯ ಟ್ಯಾಂಕು ಮಾಡುತ್ತಾರೆ. ಅಲ್ಲಿ ವೆಲ್ಡಿಂಗ್ ಮಾಡುವವಳು ಹನುಮಕ್ಕ. ಅಲ್ಲೇ ವೆಲ್ಡರಾಗಿದ್ದ ಗಂಡನಿಗೆ ಊಟದ ಡಬ್ಬಿ ತಂದು ಕೊಡುತ್ತಿದ್ದವಳು ನಿಂತು ನೋಡುತ್ತಾ ನೋಡುತ್ತಾ ಕೆಲಸ ಕಲಿತಳು. ಗಂಡ ಅಪ್ಪಯ್ಯ ಅವಳ ಮುಖಕ್ಕೆ ಕಪ್ಪು ಗಾಜು ಹಿಡಿಸಿ, “ಬೆಂಕಿ ನೋಡ್ಬೇಡ ಕಣೆ, ಅದರ ಹಿಂದೆ ಕರಗ್ತಿರೋ ಕಬ್ಬಿಣ ನೋಡು” ಅನ್ನುತ್ತಿದ್ದ. ಅವನು ತೀರಿಹೋಗಿ ಆರು ವರ್ಷವಾಯಿತು.

ದಪ್ಪ ಪ್ಲೇಟುಗಳನ್ನು ಬೆಸೆಯಬೇಕಾದರೆ ಅಂಚನ್ನು ಓರೆಯಾಗಿ ತೇಯಬೇಕು. ಎದುರುಬದುರು ಇಟ್ಟಾಗ ನಡುವೆ ವಿ ಆಕಾರದ ಸಂದು ಉಳಿಯುತ್ತದೆ. ಅದನ್ನು ತಳದಿಂದ ತುಂಬಿಕೊಂಡು ಬರಬೇಕು. ಆ ಶೆಡ್ಡಿನಲ್ಲಿ ಸಂದು ಎಂದರೆ ಅರವತ್ತು ಡಿಗ್ರಿ. ಆ ವಿಧಾನವನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸಿದವನು ಅಪ್ಪಯ್ಯ. ಪಾಸಾದ ಕಾಗದದಲ್ಲಿ ಬೆಸೆದವನೆಂದು ಅವನದೇ ಹೆಸರು.

ಈ ಸಲ ಗಿರಾಕಿ ಕಳಿಸಿದ ಡ್ರಾಯಿಂಗಿನಲ್ಲಿ ಸಂದು ನಲವತ್ತೈದಕ್ಕೆ ಇಳಿದಿತ್ತು. ಇಷ್ಟು ಕಿರಿದಾದರೆ ಹಳೆಯ ಕಾಗದ ನಡೆಯದು, ಹೊಸ ಪ್ಲೇಟು ಬೆಸೆದು ಪರೀಕ್ಷೆಗೆ ಕಳಿಸಿ ಎಂದು ಅವರ ಷರತ್ತು. ಎನ್.ಆರ್. ಕಾಲೋನಿಯಿಂದ ಸ್ಕೂಟರಿನಲ್ಲಿ ಬರುವ ಶೆಡ್ಡಿನ ಎಂಜಿನಿಯರ್ ಸುಪ್ರಜಾ ಇದನ್ನು ಹೇಳಿದಾಗ ಹನುಮಕ್ಕ ಮುಖ ತಿರುಗಿಸಿದಳು.

“ಯಾಕಮ್ಮ, ನಮ್ಮೆಜಮಾನ್ರು ಮಾಡಿದ್ದು ಒಂದಾದ್ರೂ ಸೋರಿತಾ?”

“ಸೋರಿಲ್ಲ ಹನುಮಕ್ಕ. ಅದು ಅಗಲದ ಸಂದು. ಇದರಲ್ಲಿ ತಳದವರೆಗೂ ಬೆಸುಗೆ ಹಿಡಿಯುತ್ತೋ ಇಲ್ವೋ, ಯಾರು ನೋಡಿದಾರೆ? ನೀವೇ ಬೆಸೀಬೇಕು. ಈ ಸಲ ಹೆಸರೂ ನಿಮ್ದೇ.”

ಫೇಲಾದರೆ ಈ ಕೆಲಸಕ್ಕೆ ಹೊರಗಿನಿಂದ ವೆಲ್ಡರು ಬರುತ್ತಾನೆ. ಅದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನದೊಳಗೆ ಪ್ಲೇಟು ಸಿದ್ಧವಾಯಿತು. “ಏನ್ ಹನುಮಕ್ಕ, ಸೀರೆ ಜರಿ ಥರ ಇದೆಯಲ್ಲಾ!” ಎನ್ನುತ್ತಾ ಸುಪ್ರಜಾ ಅದನ್ನು ಗೋಣಿಯಲ್ಲಿ ಸುತ್ತಲು ಹೊರಟಳು. ಹನುಮಕ್ಕ ಅಡ್ಡ ಕೈ ಇಟ್ಟಳು.

“ಇದನ್ನ ಕಳಿಸ್ಬೇಡಮ್ಮ. ಬೆಸುಗೆ ಎಷ್ಟು ಅಗಲ ಇದೆ ನೋಡು. ಮಿಷಿನ್ನಿನವರು ನೀನು ಹೇಳಿದ ನಲವತ್ತೈದಕ್ಕೇ ಕೊಯ್ದು ಕೊಟ್ಟಿದ್ರು. ಅಂಚು ಕ್ಲೀನ್ ಮಾಡೋಣ ಅಂತ ಗ್ರೈಂಡರ್ ಹಿಡಿದೆ. ಕೈ ಅದರ ಪಾಡಿಗೆ ತೇಯ್ಕೊಂಡು ಅರವತ್ತಕ್ಕೆ ಹೋಗ್ಬಿಡ್ತು. ಇದೇನೋ ಪಾಸಾಗುತ್ತೆ. ಆದ್ರೆ ಇದು ನಮ್ಮೆಜಮಾನ್ರ ಸಂದು, ನಿಂದಲ್ಲ.”

ಸುಪ್ರಜಾ ಗೋಣಿಯನ್ನು ಪಕ್ಕಕ್ಕಿಟ್ಟಳು. “ಬೆಸೆಯೋಕೆ ಮುಂಚೆ ಅಳೀಬೇಕಿತ್ತು ನಾನು. ನಿಮ್ಮ ಕೈ ಅಲ್ವಾ ಅಂತ ಬಿಟ್ಬಿಟ್ಟೆ.”

“ಬೈಯಲ್ವಾ ನನ್ನ?”

“ಬೈದ್ರೆ ನಾಳೆ ಚಿತ್ರಾನ್ನ ತರಲ್ಲ ನೀವು.”

ಮರುದಿನ ಹೊಸ ತುಂಡುಗಳು ಬಂದವು. ಸುಪ್ರಜಾ ಗ್ರೈಂಡರನ್ನು ತನ್ನ ಕಾಲ ಬಳಿ ಇಟ್ಟುಕೊಂಡು, ಹನುಮಕ್ಕನ ಕೈಗೆ ತಂತಿಬ್ರಷ್ ಮಾತ್ರ ಕೊಟ್ಟಳು. ಸಂದನ್ನು ತಾನೇ ಅಳೆದಳು. ದಿನಾ ಹಿಡಿಯುವ ಬೆಸುಗೆಯ ರಾಡು ಆ ಇಕ್ಕಟ್ಟಿನಲ್ಲಿ ತಳ ಮುಟ್ಟಲೊಲ್ಲದು. ಹನುಮಕ್ಕ ಬೇಡದ ತುಂಡಿನ ಮೇಲೆ ಎರಡು ಸಲ ಹಾಕಿ ನೋಡಿದಳು, ಬೈದುಕೊಂಡಳು, ತೆಳು ರಾಡು ತೆಗೆದಳು. ಆಮೇಲೆ ಪರೀಕ್ಷೆಯ ಪ್ಲೇಟಿಗೆ ಕೈ ಹಾಕಿದಳು. ಯಾವ ರಾಡು, ಎಷ್ಟು ಕರೆಂಟು ಎಂದು ಸುಪ್ರಜಾ ಪಕ್ಕದಲ್ಲೇ ನಿಂತು ಬರೆದುಕೊಂಡಳು.

ನಾಲ್ಕು ದಿನದ ಮೇಲೆ ಪರೀಕ್ಷಾಲಯದಲ್ಲಿ ಆ ಪ್ಲೇಟಿನಿಂದ ಕೊಯ್ದ ಪಟ್ಟಿಗಳನ್ನು ಯಂತ್ರಕ್ಕೆ ಕೊಟ್ಟು ಲಾಳದಂತೆ ಬಗ್ಗಿಸಿದರು. ತಳದಲ್ಲಿ ಬೆಸುಗೆ ಹಿಡಿಯದಿದ್ದರೆ ಬಾಗಿದ ಬೆನ್ನಿನಲ್ಲಿ ಬಿರುಕು ಬಾಯಿ ಬಿಡುತ್ತದೆ. ಹನುಮಕ್ಕ ಒಂದೊಂದೇ ಪಟ್ಟಿಯ ಬೆನ್ನ ಮೇಲೆ ಹೆಬ್ಬೆರಳು ಎಳೆದಳು. ಉಗುರಿಗೆ ಎಲ್ಲೂ ಏನೂ ಸಿಗಲಿಲ್ಲ.

ಕೊನೆಯ ಪಟ್ಟಿಯನ್ನು ಕೆಳಗಿಡದೆ, ಸುಪ್ರಜಾಳ ಕಡೆ ವಾಲಿ ಮೆಲ್ಲಗೆ ಅಂದಳು: “ಇದು ನಮ್ಮೆಜಮಾನ್ರಿಗೂ ಸುಲಭಕ್ಕೆ ಆಗ್ತಿರ್ಲಿಲ್ಲ ಕಣಮ್ಮ.”