ಸರೋಜತ್ತೆಯ ಊರು ಎಷ್ಟು ದೂರ

ಮೊನ್ನೆ ಅರಸೀಕೆರೆ ಬಸ್ಸಿನಲ್ಲಿ ಪಕ್ಕದವರು ಕೊಡುಬಳೆ ಡಬ್ಬಿ ತೆರೆದರು. ಇಂಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸೋದರತ್ತೆ ಜಯತ್ತೆ ವಿಮಾನ ಹತ್ತಿದ್ದು ನೆನಪಾಯಿತು.

ಹಾರನಹಳ್ಳಿಯ ಜಯತ್ತೆಗೆ ಅಕ್ಕ ಒಬ್ಬಳೇ, ಸರೋಜತ್ತೆ. ಮದುವೆಯಾಗಿ ಅಹಮದಾಬಾದಿಗೆ ಹೋದವಳು. ನಮ್ಮ ಮನೆಯಲ್ಲಿ ಆ ಊರಿನ ಹೆಸರಿಗಿಂತ ಮೊದಲು ‘ಅಷ್ಟು ದೂರದ’ ಎಂಬ ಮಾತು ಬರುತ್ತಿತ್ತು. ಅಜ್ಜಿ ತೀರಿಕೊಂಡಾಗಲೂ ಅವಳು ಬರಲಿಲ್ಲ. ಆಮೇಲೆ ಫೋನೂ ವಿರಳವಾಯಿತು.

ಒಂದು ದಿನ ನಾನು ಮೊಬೈಲಿನಲ್ಲಿ ನೋಡಿ, ಬೆಂಗಳೂರಿನಿಂದ ಅಲ್ಲಿಗೆ ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ ಅಷ್ಟೇ ಎಂದೆ. ಜಯತ್ತೆ ಬಿಡಿಸುತ್ತಿದ್ದ ಅವರೆಕಾಯಿ ಬಿಟ್ಟು ನನ್ನನ್ನೇ ನೋಡಿದಳು.

“ಸರಿಯಾಗಿ ನೋಡೋ. ಹಳೇಬೀಡಲ್ಲಿ ಬಸ್ ಬದಲಾಯಿಸಿ ಬೇಲೂರಿಗೆ ಹೋಗೋಕೇ ಅಷ್ಟು ಹೊತ್ತು ಬೇಕು.”

ಸರಿಯಾಗಿಯೇ ನೋಡಿದ್ದೆ. ಮಾರನೆಯ ದಿನ ಅವಳೇ, “ಹೋಗೋಣ” ಎಂದಳು.

ರೈಲಿನ ಲೆಕ್ಕದಲ್ಲೇ ಎರಡು ದಿನಕ್ಕಾಗುವಷ್ಟು ಕೊಡುಬಳೆ ಕಟ್ಟಿಕೊಂಡಳು. ವಿಮಾನದಲ್ಲಿ ಧೈರ್ಯ ಹೇಳಬೇಕಾದ ನಾನು ಕಣ್ಣು ಮುಚ್ಚಿ ಕೂತಿದ್ದೆ. ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಇಳಿದುಬಿಟ್ಟೆವು. ಊರಿಂದ ಬೆಂಗಳೂರಿನ ವಿಮಾನ ನಿಲ್ದಾಣ ಸೇರಲು ಅದರ ಎರಡರಷ್ಟು ಹೊತ್ತು ಹಿಡಿದಿತ್ತು.

ಮನೆ ಸೇರಿದಾಗ ಸರೋಜತ್ತೆ ಕಾಫಿ ಕೊಟ್ಟಳು, ಎದುರು ಕೂತಳು. ಜಯತ್ತೆಯೇ ಕೇಳಿದಳು: “ಇಷ್ಟು ಹತ್ತಿರ ಇದ್ದೂ ಅಮ್ಮನ್ನ ನೋಡೋಕೆ ಯಾಕೆ ಬರಲಿಲ್ಲ?”

“ಅಮ್ಮ ಹೋದ್ಲು ಅಂತ ನೀನು ಹೇಳಿದ್ದೇ ಹೊರಟೆ. ನಿನ್ನ ಎರಡನೇ ಫೋನ್ ಬಂದಾಗ ನಾನು ವಿಮಾನ ನಿಲ್ದಾಣದ ಬಾಗಿಲಲ್ಲಿದ್ದೆ ಕಣೇ. ಅಷ್ಟು ದೂರದಿಂದ ಬರಬೇಡ, ಸಂಸ್ಕಾರ ಮುಗಿಸಿಬಿಡ್ತೀವಿ ಅಂತ ನೀನೇ ಅಂದೆ. ನಾನು ನಿಮಗೆ ಬೇಡ ಅಂತ ತಿಳ್ಕೊಂಡು ವಾಪಸ್ ಬಂದೆ.”

ಜಯತ್ತೆಯ ಕೈಯಲ್ಲಿದ್ದ ಲೋಟ ವಾಲಿ ಕಾಫಿ ಸೀರೆಯ ಮೇಲೆ ಸುರಿಯಿತು. ಬಿಸಿ ತಟ್ಟಿದ್ದೂ ಅವಳಿಗೆ ಗೊತ್ತಾಗಲಿಲ್ಲ. “ನಿನಗೆ ತೊಂದರೆ ಆಗಬಾರದು ಅಂತ ಅಂದೆ ಕಣೇ,” ಎಂದಳು. ಸರೋಜತ್ತೆ ಎದ್ದು ಬಂದು ತನ್ನ ಸೆರಗಿನಿಂದಲೇ ತಂಗಿಯ ಸೀರೆ ಒರೆಸಿದಳು.

ಕಳೆದ ವಾರ, ಬೆಳಗಿನ ಹೊತ್ತು, ಅತ್ತೆಯರಿಬ್ಬರಿಗೂ ಅಣ್ಣನಾದ ನಮ್ಮ ದೊಡ್ಡಪ್ಪ ತೀರಿಕೊಂಡರು. ಮಧ್ಯಾಹ್ನ ಕಳೆಯುತ್ತಿದ್ದಂತೆ ನೆರೆಯವರು ಅವಸರಪಡಿಸಿದರು: “ಹೊತ್ತಾಗ್ತೈತೆ ಕಣ್ರೀ. ಅಕ್ಕೋರು ಅಷ್ಟು ದೂರದಿಂದ ಯಾವಾಗ ಬತ್ತಾರೆ?”

ಜಯತ್ತೆ ಹೊಸ್ತಿಲ ಮೇಲೆ ಕೂತಳು. “ವಿಮಾನ ಇಳಿದು ಕಾರು ಹತ್ತಿದಾಳೆ. ಅವಳ ಅಣ್ಣನ್ನ ಅವಳು ನೋಡಬೇಕು. ಕಾಯ್ರಿ.”

ಸರೋಜತ್ತೆ ಬಂದು ಅಣ್ಣನ ಪಾದ ಮುಟ್ಟಿದಾಗ ಇನ್ನೂ ಜಗುಲಿಯ ಮೇಲೆ ಬಿಸಿಲಿತ್ತು. ಅಜ್ಜಿಯೂ ಬೆಳಗ್ಗೆಯೇ ಹೋಗಿದ್ದಳು. ಸರೋಜತ್ತೆಗೆ ಕಾಯದೆ ಅವಳನ್ನು ಮಸಣಕ್ಕೆ ಕಳಿಸಿ, ಸ್ನಾನ ಮಾಡಿ ನಾವೆಲ್ಲ ಮನೆಗೆ ಮರಳಿದಾಗಲೂ ಇದೇ ಜಗುಲಿಯ ಮೇಲೆ ಇಷ್ಟೇ ಬಿಸಿಲಿತ್ತು.