ಗಾಜಿನ ಹೆಂಚಿನ ಕೆಳಗಿನ ಬಲೆ

ಶಿರಸಿ ಪೇಟೆಗೆ ಗಾಜಿನ ಹೆಂಚಿನ ಹುಚ್ಚು ಹಿಡಿದದ್ದು ಐವತ್ತಾರು, ಐವತ್ತೇಳರ ಸುಮಾರಿಗೆ. ಕತ್ತಲೆ ಕೋಣೆಯ ಮಾಡಿಗೆ ಒಂದು ಗಾಜಿನ ಹೆಂಚು ಕೂರಿಸಿದರೆ ಹಗಲು ದೀಪವೇ ಬೇಡ. ಒಬ್ಬರು ಹಾಕಿಸಿದ್ದೇ ತಡ, ಪಕ್ಕದ ಮನೆಯವರಿಗೆ ಎರಡು ಬೇಕಾಯಿತು. ಹಾಕಿಕೊಟ್ಟವನು ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ನೆಲೆಸಿದ್ದ ಹೆಂಚಿನ ಕೆಲಸದ ಶಿವಪುತ್ರಪ್ಪ. ಕೈ ಚೊಕ್ಕ, ಬಾಯಿ ಹರಿತ. ಅವನು ಹೊದೆಸಿದ ಮಾಡು ಶಿರಸಿಯ ಮಳೆಗೂ ಸೋರುತ್ತಿರಲಿಲ್ಲ.

ಆದರೆ ಮಳೆ ಬೇರೆ, ಆಲಿಕಲ್ಲು ಬೇರೆ. ಐವತ್ತೆಂಟರ ಏಪ್ರಿಲ್‌ನಲ್ಲಿ ಒಂದು ಸಂಜೆ ನಿಂಬೆಕಾಯಿ ಗಾತ್ರದ ಕಲ್ಲು ಬಿದ್ದವು. ಸಂಡಿಗೆ, ಹಪ್ಪಳ ಮಾಡಿ ಮಾರುವ ವೆಂಕಮ್ಮ ತನ್ನ ನಡುಮನೆಯಲ್ಲಿ ಗಾಜಿನ ಹೆಂಚಿನ ಬೆಳಕಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಸದ್ದಿಗೆ ತಲೆ ಎತ್ತಿ ನೋಡಿದಳು. ಒಡೆದ ಗಾಜಿನ ಚೂರು ಬಿದ್ದು ಎಡಗಣ್ಣು ಹೋಯಿತು. ಆ ಹೆಂಚು ಕೂರಿಸಿದವನು ಶಿವಪುತ್ರಪ್ಪನೇ. ಅವನನ್ನು ಯಾರೂ ಬೈಯಲಿಲ್ಲ, ವೆಂಕಮ್ಮನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಪೇಟೆಯಲ್ಲಿ ಇನ್ನೊಬ್ಬರ ಕಣ್ಣು ಹೋಗಬಾರದು ಎಂಬುದೊಂದೇ ಅಂದಿನಿಂದ ಅವನ ತಲೆಯಲ್ಲಿ ಕೂತಿತು.

ಉಪಾಯವನ್ನೂ ಅವನೇ ಹುಡುಕಿದ. ಗಾಜಿನ ಹೆಂಚಿನ ಕೆಳಗೊಂದು ತಂತಿ ಬಲೆ. ಬೆಳಕು ಇಳಿಯುತ್ತದೆ, ಚೂರು ಇಳಿಯುವುದಿಲ್ಲ. ಪೇಟೆಗೆಲ್ಲ ಕಡ್ಡಾಯ ಮಾಡಿ ಎಂದು ಒಂದು ಕಚೇರಿಗೆ ಅರ್ಜಿ ಹಿಡಿದು ಹೋದ. ಅಲ್ಲಿನ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿ, "ಆಲಿಕಲ್ಲು ನಮ್ಮ ಖಾತೆಗೆ ಬರೂದಿಲ್ಲ ಮಾರಾಯ" ಎಂದು ವಾಪಸು ಕೊಟ್ಟ. ಸರಿ, ಏಣಿ ಹೊತ್ತು ತಾನೇ ಮನೆಮನೆಗೆ ತಿರುಗಿದ. ಒಲೆಯ ಮಸಿ ಒರೆಸಲು ಅನುಕೂಲವಾಗಲಿ ಎಂದು ಬಲೆಯನ್ನು ಚೌಕಟ್ಟಿಗೆ ಬಿಗಿದು ಕೊಕ್ಕೆಗೆ ಸಿಕ್ಕಿಸಿದ. ಬುದ್ಧಿವಂತ ಎಡವಿದ್ದು ಅಲ್ಲೇ.

ಆಲಿಕಲ್ಲು ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಂಡಿಗೆ ಒಣಗಿಸುವುದೂ ಅದೇ ತಿಂಗಳಲ್ಲಿ. ಅಂಗಳದ ಚಾಪೆಯ ಮೇಲೆ ಸಂಡಿಗೆ ಇಟ್ಟರೆ ಕಾಗೆ ಬಿಟ್ಟೀತೇ? ಯಾವ ಮಹಾತಾಯಿಗೆ ಮೊದಲು ಹೊಳೆಯಿತೋ, ಬಲೆಯನ್ನು ಕೊಕ್ಕೆಯಿಂದ ಇಳಿಸಿ ಸಂಡಿಗೆಯ ಮೇಲೆ ಮುಚ್ಚಿದಳು. ಮರುವರ್ಷ ಕೇರಿಗೆ ಕೇರಿಯೇ ಮುಚ್ಚಿತು. ವರ್ಷದ ಹತ್ತು ತಿಂಗಳು ಬಲೆ ತಲೆಯ ಮೇಲೆ ಭದ್ರ. ಕಲ್ಲು ಬೀಳುವ ಎರಡು ತಿಂಗಳು ಮಾತ್ರ ಅಂಗಳದಲ್ಲಿ!

ಶಿವಪುತ್ರಪ್ಪ ಬೈದ, ಬೇಡಿದ, ಹೋದಲ್ಲೆಲ್ಲ ಮತ್ತೆ ಸಿಕ್ಕಿಸಿ ಬಂದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ಹೆಂಡತಿ ಅನ್ನಪೂರ್ಣವ್ವ, "ನಮ್ಮನ್ಯಾಗೂ ಒಂದು ಬಲಿ ಬೇಕಾಗಿತ್ರೀ, ಶಾವಿಗಿ ಒಣಗ್ಸಾಕ" ಎಂದಳು. ಅವನು ಉಣ್ಣದೆ ಎದ್ದ.

ಅರವತ್ತನಾಲ್ಕರ ಮೇ ತಿಂಗಳ ಒಂದು ಮಧ್ಯಾಹ್ನ ಮೋಡ ಹಸಿರು ತಿರುಗಿತು. ಅದು ಆಲಿಕಲ್ಲಿನ ಮೋಡವೆಂದು ಶಿವಪುತ್ರಪ್ಪನಿಗೆ ಗೊತ್ತಾಯಿತು. ವೆಂಕಮ್ಮನ ನಡುಮನೆಯಲ್ಲಿ ಈಗ ಸೊಸೆ ಗಂಗಾಳ ಮೂರು ತಿಂಗಳ ಕೂಸಿನ ತೊಟ್ಟಿಲಿತ್ತು, ಅದೂ ಗಾಜಿನ ಹೆಂಚಿನ ಕೆಳಗೇ. ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದ. ದಾರಿಯಲ್ಲೇ ಕಲ್ಲು ಶುರುವಾದವು. ವೆಂಕಮ್ಮನ ಅಂಗಳ ದಾಟುವಾಗ ಕಾಲಿಗೆ ತೊಡರಿದ್ದು ಅದೇ ಬಲೆ. ಒಳಗೆ ನುಗ್ಗಿದ. ತೊಟ್ಟಿಲ ತುಂಬ ಗಾಜು.

ಕೂಸು ಇರಲಿಲ್ಲ. ಅದು ಜಗಲಿಯ ಮೂಲೆಯಲ್ಲಿ ಗಂಗಾಳ ತೋಳಿನಲ್ಲಿತ್ತು. ಅವಳ ಇನ್ನೊಂದು ಕೈಯಲ್ಲಿ ಒದ್ದೆ ಸಂಡಿಗೆಯ ಚಾಪೆ.  ಶಿವಪುತ್ರಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ.

"ನಿಮಗ ಒಂದು ಕಣ್ಣು ಹೋದದ್ದು ಸಾಲಲಿಲ್ಲೇನ್ರೀ ಅಮ್ಮಾ?" ಎಂದು ಕೂಗಿದ. ಕೂಗುತ್ತಲೇ ಅತ್ತುಬಿಟ್ಟ.

"ಕಾಗೆ ಒಂದನ್ನೂ ಬಿಡೂದಿಲ್ಲ, ಎಂತ ಮಾಡೂದು?" ಎಂದಳು ವೆಂಕಮ್ಮ.  "ಸಂಡಿಗೆ ತೆಗೀಲಿಕ್ಕೆ ಗಂಗಾ ಹೊರಗೆ ಬರದೇ ಇದ್ದಿದ್ರೆ ಕೂಸು ತೊಟ್ಟಿಲಲ್ಲೇ ಇರ್ತಿತ್ತಲ್ಲ ಶಿವಪುತ್ರಪ್ಪ?"

 ಅವನು ಎದ್ದು ತೊಟ್ಟಿಲಿನ ಚೂರುಗಳನ್ನು ಒಂದೊಂದಾಗಿ ಆರಿಸಿದ.

ಮರುದಿನ ಜವಳಿ ಅಂಗಡಿಯ ಚಂದ್ರಶೇಖರಪ್ಪ ಆರಡಿ ಉದ್ದದ ಬಲೆ ಬೇಕೆಂದು ಬಂದ. ಅದು ಸಂಡಿಗೆಯ ಚಾಪೆಯ ಅಳತೆ. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು ನಿಂತಿದ್ದರು. ಶಿವಪುತ್ರಪ್ಪನಿಗೆ ಬೈಯಲೂ ಬೇಸರವಾಯಿತು. "ಕೊಡ್ತೀನ್ರಿ. ಆದ್ರ ಮೊದ್ಲ ಮಾಡಿನ ಬಲಿ ಮೊಳಿ ಹೊಡದು ಬಿಗೀತೀನಿ, ಆಮ್ಯಾಲ ಸಂಡಿಗಿದು. ಒಪ್ಪಿಗಿ ಇಲ್ಲಂದ್ರ ಕಾಗಿ ಕಾಯ್ರಿ" ಎಂದ. ಎಲ್ಲರೂ ಒಪ್ಪಿದರು. ಆರು ವರ್ಷ ಕಣ್ಣಿನ ಮಾತಿಗೆ ಬಗ್ಗದವರು ಕಾಗೆಯ ಮಾತಿಗೆ ಬಗ್ಗಿದರು.

ಮೊದಲ ಏಣಿ ವೆಂಕಮ್ಮನ ನಡುಮನೆಯಲ್ಲೇ ನಿಂತಿತು. ಹೊಸ ಗಾಜಿನ ಹೆಂಚು ಕೂರಿಸಿ ಅವನು ಬಲೆಗೆ ಮೊಳೆ ಹೊಡೆಯತೊಡಗಿದಾಗ ಅವಳು ಕೆಳಗಿಂದ, "ಹೀಗೆ ಹೊಡೆದುಬಿಟ್ರೆ ಮಸಿ ಒರೆಸೂದು ಹೇಗೆ? ಮತ್ತೆ ಕತ್ತಲೆಯೇ ಆಗ್ತದಲ್ಲ" ಎಂದಳು.

"ಆಗ್ಲಿ ಬಿಡ್ರಿ ಅಮ್ಮಾ. ದೀಪ ಹಚ್ಕೋರಿ. ಕಣ್ಣು ಎಲ್ಲಿಂದ ತರ್ತೀರಿ?"

 ವೆಂಕಮ್ಮ ಬಂದು ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.