ಬೂಟಿಗೆ ಹರಳೆಣ್ಣೆ

ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗಿರಲಿಲ್ಲ, ದೇಶ ಕಾಯುವ ಭಾರ ಹುಣಸೂರಿನ ಹೈಸ್ಕೂಲಿನ ಮೂವತ್ತು ಕೆಡೆಟ್ ಹುಡುಗರ ಮೇಲೆ ಬಿದ್ದಿತ್ತು. ಕೈಯಲ್ಲಿ ಮರದ ಬಂದೂಕು. ಗಂಜಿ ಹಾಕಿದ ಖಾಕಿ ಚಡ್ಡಿ. ಕೂತರೆ ಮಡಿಕೆ ಬೀಳುತ್ತದೆಂದು ಪೆರೇಡು ಮುಗಿಯುವವರೆಗೆ ನಾವು ಎಲ್ಲೂ ಕೂರುತ್ತಿರಲಿಲ್ಲ. ಸೇನಾಪತಿ ನಮ್ಮ ಗಣಿತದ ಮೇಷ್ಟ್ರು. ಬೇಸಗೆಯಲ್ಲಿ ತರಬೇತಿಗೆ ಹೋದವರು ಮೀಸೆ ಬೆಳೆಸಿಕೊಂಡು ಬಂದಿದ್ದರು. ಮೊದಲು ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಆಮೇಲೆ ಮೈದಾನ ಸುತ್ತಿಸತೊಡಗಿದರು.

ಆ ವರ್ಷ ಮೈಸೂರಿನ ಗಣರಾಜ್ಯೋತ್ಸವದ ಪೆರೇಡಿಗೆ ನಮ್ಮಲ್ಲಿ ಆರು ಜನರನ್ನು ಆರಿಸಲು ಒಬ್ಬ ಅಧಿಕಾರಿ ಬರುವವರಿದ್ದರು. ಆ ಆರರಲ್ಲಿ ನಾನಿಲ್ಲದಿದ್ದರೆ ಬದುಕಿ ಪ್ರಯೋಜನವಿಲ್ಲವೆಂದು ಹದಿನಾರರ ನನಗೆ ಖಾತ್ರಿಯಾಗಿತ್ತು. ಆಯ್ಕೆಯ ಹಿಂದಿನ ಶನಿವಾರ ಬೂಟು ಹೊತ್ತುಕೊಂಡು ಹನಗೋಡಿನ ಮನೆಗೆ ಹೋದೆ, ಉಜ್ಜಿ ಉಜ್ಜಿ ಕನ್ನಡಿ ಮಾಡಲೆಂದು.

ಅಪ್ಪನ ಕಣ್ಣಿಗೆ ಬಿದ್ದದ್ದು ನನ್ನ ಹಿಮ್ಮಡಿಯ ಬೊಬ್ಬೆ. ಹೊಸ ಮೆಟ್ಟು ತಂದರೆ ಹರಳೆಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮೆತ್ತಗಾದ ಮೇಲೆ ಕಾಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ನಾನು ಹೊಳೆಗೆ ಹೋಗಿ ಬರುವಷ್ಟರಲ್ಲಿ ಸರ್ಕಾರದ ಬೂಟಿಗೂ ಅದೇ ಉಪಚಾರ ಆಗಿತ್ತು.

"ಇನ್ಮೇಕೆ ಕಾಲು ಕಚ್ಚಾಕಿಲ್ಲ ಕಣ್ಲಾ," ಅಂದ ಅಪ್ಪ, ಬಲು ಸಂತೋಷದಿಂದ.

ಕಚ್ಚಲಿಲ್ಲ, ನಿಜ. ಪಾಲಿಷೂ ಹಿಡಿಯಲಿಲ್ಲ. ಆಯ್ಕೆಯ ದಿನ ಮೈದಾನದ ಧೂಳೆಲ್ಲ ನನ್ನ ಬೂಟನ್ನೇ ಹುಡುಕಿಕೊಂಡು ಬಂದು ಮೆತ್ತಿಕೊಂಡಿತು. ಮಗನ ಶೌರ್ಯ ನೋಡಲು ಅಪ್ಪ ಗಾಡಿ ಕಟ್ಟಿಕೊಂಡು ಬಂದು ಬೇಲಿಯಾಚೆ ನಿಂತಿದ್ದ.

ಅಧಿಕಾರಿ ನನ್ನ ಮುಂದೆ ನಿಂತರು. "ಏನಿದು? ಯಾರು ಮಾಡಿದ್ದು?"

"ನಮ್ಮನೆ ಆಳು, ಸಾರ್. ಏನೂ ಗೊತ್ತಿಲ್ಲದವನು."

ಅಧಿಕಾರಿಗಳಿಗೆ ಕೊಡುವ ಉತ್ತರ ಮೈದಾನದ ಕೊನೆಗೂ ಕೇಳಬೇಕೆಂದು ಮೇಷ್ಟ್ರು ಕಲಿಸಿದ್ದರು. ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದೆ.

ಬೇಲಿಯಾಚೆಯಿಂದ ಅಪ್ಪನ ದನಿ ಬಂತು. "ಔದು ಬುದ್ಧಿ, ಎಣ್ಣೆ ಆಕಿದ್ದು ನಾನೇಯ. ಉಡುಗುಂದೇನೂ ತೆಪ್ಪಿಲ್ಲ, ಸೇರ್ಸ್ಕಳಿ."

ನಮ್ಮ ಹೊಲದ ಆಳುಗಳು ಅಪ್ಪನನ್ನು ಬುದ್ಧಿ ಅನ್ನುತ್ತಿದ್ದರು. ಅಪ್ಪ ಇನ್ನೊಬ್ಬರಿಗೆ ಹಾಗೆ ಅಂದದ್ದನ್ನು ಅವತ್ತೇ ಮೊದಲು ಕೇಳಿದ್ದು. ನಾಚಿಕೆಯಿಂದ ಸತ್ತುಹೋದೆ. ಆದರೂ ಆ ಕಡೆ ತಿರುಗಿ ನೋಡಲಿಲ್ಲ. ಅಟೆನ್ಷನ್‌ನಲ್ಲಿ ನಿಂತ ವೀರ ಕತ್ತು ತಿರುಗಿಸಬಾರದು ನೋಡಿ.

ಅಧಿಕಾರಿ ನಕ್ಕು ನನ್ನನ್ನು ಆರಿಸಿದರು. ಬೇರೆ ಬೂಟೂ ಕೊಡಿಸಿದರು.

ಹೊರಡುವ ಮುಂಚೆ ಊರಿಗೆ ಹೋಗಿ, ಪೆರೇಡು ನೋಡಲು ಮೈಸೂರಿಗೆ ಬಾ ಎಂದು ಅಪ್ಪನನ್ನು ಕರೆದೆ. ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಕೋಪವೇನೂ ಇಲ್ಲದೆ ಕೇಳಿದ:

"ಬತ್ತೀನಿ ಬುಡ್ಲಾ. ಅಲ್ಲಿ ಯಾರಾರಾ ಕೇಳುದ್ರೆ, ನಾನು ನಿಂಗೆ ಏನಾಗ್ಬೇಕು ಅನ್ಲಿ? ಈಗ್ಲೇ ಏಳ್ಬುಡು."